ಮುಂಬೈಯಲ್ಲಿ ಗಾಳ ಹಾಕಲು ನಾಲ್ಕು ದಾರಿ: ಯಾರಿಗೆ ಕೊಟ್ಟ ದುಡ್ಡು ನೀರಿಗೆ ಮರಳುತ್ತದೆ?

ನನ್ನ ಮೇಜಿನ ಖಾನೆಯಲ್ಲಿ ಮೂರು ಚೀಟಿಗಳಿವೆ. ಒಂದು ಪೊವಾಯಿ ಕೆರೆಯದು. ಇನ್ನೊಂದು ಕರ್ಜತ್ ಕಡೆಯ ಖಾಸಗಿ ಕೊಳದ ಬಿಲ್ಲು. ಮೇಲೆ ಬಾಯಿ ತೆರೆದ ಮೀನಿನ ಚಿತ್ರ, ಕೆಳಗೆ ಎರಡು ಊಟದ ಲೆಕ್ಕ. ಮೂರನೆಯದು ಅಣೆಕಟ್ಟಿನ ಹಿನ್ನೀರಿನ ಊರೊಂದರಲ್ಲಿ ಮೀನುಗಾರರ ಸೊಸೈಟಿಯ ಕಾರ್ಯದರ್ಶಿ ಮರಾಠಿಯಲ್ಲಿ ಕೈಯಾರೆ ಬರೆದುಕೊಟ್ಟ ರಸೀದಿ. ನಾಲ್ಕನೆಯ ಚೀಟಿಯೊಂದು ಇರಬೇಕಾಗಿತ್ತು, ಇಲ್ಲ. ನಾನು ಅತಿ ಹೆಚ್ಚು ಭಾನುವಾರಗಳನ್ನು ಕಳೆದಿರುವುದು ಮಢ, ಮನೋರಿ, ಗೊರಾಯಿ ಕಡೆಯ ಸಮುದ್ರದ ದಂಡೆಯಲ್ಲಿ. ಅಲ್ಲಿ ಇಪ್ಪತ್ತು ವರ್ಷಗಳಲ್ಲಿ ಯಾರೂ ನನಗೆ ಚೀಟಿ ಕೊಟ್ಟಿಲ್ಲ, ಕೇಳಿಯೂ ಇಲ್ಲ.

ಹುಬ್ಬಳ್ಳಿಯಿಂದ ಕೆಲಸಕ್ಕೆಂದು ಬಂದ ಅಕ್ಕನ ಮಗ ಕಳೆದ ದೀಪಾವಳಿಗೆ ಒಂದು ಗಾಳದ ಕೋಲು ತರಿಸಿಕೊಂಡ. ಕೋಲು ಬಿಚ್ಚುವ ಮೊದಲೇ ಅವನ ಪ್ರಶ್ನೆ: "ಮಾವ, ಇದಕ್ಕೆ ಲೈಸೆನ್ಸ್ ಎಲ್ಲಿ ಮಾಡಿಸಬೇಕು?" ಅಮೆರಿಕದವರ ವಿಡಿಯೊ ನೋಡಿ ಕಲಿತ ಹುಡುಗ, ಅಲ್ಲಿ ಕೆರೆಯ ದಂಡೆಗೆ ಅಧಿಕಾರಿ ಬಂದು ಚೀಟಿ ಕೇಳುವುದನ್ನು ಕಂಡಿದ್ದಾನೆ. ಕುಂದಾಪುರದ ಕಡೆ ಹುಟ್ಟಿ, ಹೊಳೆಬಾಗಿಲಲ್ಲಿ ಕಾಣೆ ಹಿಡಿದು ಬೆಳೆದ ನನಗೆ ಮೊದಲು ನಗು ಬಂತು. ಆಮೇಲೆ ಯೋಚಿಸಿದರೆ ನಗುವಂಥದ್ದೇನೂ ಇರಲಿಲ್ಲ. ಅವನಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಸ್ವಲ್ಪ ಬೆಳೆಸಿ ಬರೆಯುತ್ತಿದ್ದೇನೆ. ಎಲ್ಲಿ ದೊಡ್ಡ ಮೀನು ಸಿಗುತ್ತದೆ ಎಂಬ ಹೋಲಿಕೆ ಇದಲ್ಲ. ಅದನ್ನು ಪ್ರತಿಯೊಬ್ಬ ಗಾಳಗಾರನೂ ಸುಳ್ಳು ಸೇರಿಸಿಯೇ ಹೇಳುತ್ತಾನೆ. ನೀವು ಕೊಡುವ ದುಡ್ಡು ಎಲ್ಲಿಗೆ ಹೋಗುತ್ತದೆ, ನೀವು ಯಾರ ಲೆಕ್ಕದಲ್ಲಿ ಸೇರುತ್ತೀರಿ ಎಂಬುದರ ಹೋಲಿಕೆ.

ಸಮುದ್ರದ ದಂಡೆ: ಖರ್ಚಿಲ್ಲ, ಲೆಕ್ಕವೂ ಇಲ್ಲ

ಸಂವಿಧಾನದ ಪ್ರಕಾರ ಮೀನುಗಾರಿಕೆ ರಾಜ್ಯಪಟ್ಟಿಯ ವಿಷಯ. ದಂಡೆಯಿಂದ 12 ನಾಟಿಕಲ್ ಮೈಲಿಯವರೆಗಿನ ನೀರಿನಲ್ಲಿ ಮೀನುಗಾರಿಕೆಯನ್ನು ನೋಡಿಕೊಳ್ಳುವುದು ರಾಜ್ಯ ಸರ್ಕಾರ, ಅದರಾಚೆ ಕೇಂದ್ರ. ಮಹಾರಾಷ್ಟ್ರದಲ್ಲಿ ಇದಕ್ಕೆಂದು ಇರುವುದು 1981ರ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯ್ದೆ. ಈ ಕಾಯ್ದೆಗಳು ಹುಟ್ಟಿದ್ದೇ ದೋಣಿಗಳ ಜಗಳದಿಂದ. 1970ರ ದಶಕದಲ್ಲಿ ಟ್ರಾಲರ್‌ಗಳು ದಂಡೆಗೆ ಹತ್ತಿರ ಬಂದು ಬಲೆ ಎಳೆಯತೊಡಗಿದಾಗ ದಂಡೆಯಲ್ಲಿ ನಿಂತು ದೊಡ್ಡ ಬಲೆ ಎಳೆಯುವ ಗೋವಾದ ರಂಪಣಿ ಮೀನುಗಾರರು ಬೀದಿಗಿಳಿದರು. ಸಾಂಪ್ರದಾಯಿಕ ಮೀನುಗಾರನ ನೀರಿಗೆ ಯಂತ್ರದ ದೋಣಿ ನುಗ್ಗಬಾರದು ಎಂಬುದು ಅವರ ಕೂಗು. ಆದ್ದರಿಂದ ಕಾಯ್ದೆಯ ಪರವಾನಗಿ ದೋಣಿಗೆ ಸಂಬಂಧಿಸಿದ್ದು. ಬಂಡೆಯ ಮೇಲೆ ಕೋಲು ಹಿಡಿದು ನಿಂತವನನ್ನು ಅದು ಕಣ್ಣೆತ್ತಿಯೂ ನೋಡುವುದಿಲ್ಲ.

ಹಾಗೆಂದು ಎಲ್ಲಿ ಬೇಕಾದರೂ ನಿಲ್ಲಬಹುದು ಎಂದಲ್ಲ. ಮುಂಬೈ ಪಕ್ಕದ ಠಾಣೆ ಖಾರಿಯ (ಒಳನಾಡಿಗೆ ಚಾಚಿದ ಸಮುದ್ರದ ಕವಲು) ಒಂದು ದೊಡ್ಡ ಭಾಗ 2015ರಿಂದ ಫ್ಲೆಮಿಂಗೊ ಅಭಯಾರಣ್ಯ. ಹವ್ಯಾಸಕ್ಕೆ ಗಾಳ ಹಾಕುವವರ ಜಾಗವಲ್ಲ ಅದು. ನೌಕಾಪಡೆಯ ಬೇಲಿ ಕಂಡ ಕಡೆ ಕೋಲನ್ನು ಚೀಲದಿಂದ ಹೊರಗೆ ತೆಗೆಯಬೇಡಿ. ಕೋಳಿವಾಡಗಳ ದಕ್ಕೆಯಲ್ಲಿ ಮೊದಲು ಹಿರಿಯರೊಬ್ಬರನ್ನು ಮಾತನಾಡಿಸಿ. (ಕೋಳಿವಾಡ ಎಂದರೆ ಕೋಳಿ ಮಾರುವ ಪೇಟೆ ಎಂದೇ ನಮ್ಮ ಹುಡುಗ ತಿಳಿದಿದ್ದ. ಈ ನಗರದ ಮೂಲ ಮೀನುಗಾರರ ಸಮುದಾಯದ ಹೆಸರು ನಮ್ಮ ಭಾಷೆಯ ಕಿವಿಗೆ ಹಾಗೆ ಕೇಳಿಸುವುದು ಅವರ ತಪ್ಪಲ್ಲ.) ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಂತ್ರದ ದೋಣಿಗಳಿಗೆ ನಿಷೇಧ. ಆ ನಿಷೇಧ ಗಾಳದ ಕೋಲಿಗೆ ಅಂಟಿಕೊಳ್ಳುವುದಿಲ್ಲ, ನಿಜ. ಆದರೆ ಮಳೆಗಾಲದ ಅಲೆಗೆ ಈ ಕಾಯ್ದೆಯ ಸೂಕ್ಷ್ಮಗಳು ತಿಳಿಯವು. ಆ ಎರಡು ತಿಂಗಳು ನಾನು ಸಮುದ್ರದ ಬಂಡೆ ಹತ್ತುವುದಿಲ್ಲ.

ಮೀನಿನ ಗಾತ್ರವನ್ನೂ ನೋಡಿ. ಮಹಾರಾಷ್ಟ್ರ ಸರ್ಕಾರ 2023ರಲ್ಲಿ 54 ಜಾತಿಗಳಿಗೆ ಹಿಡಿಯಬಹುದಾದ ಕನಿಷ್ಠ ಗಾತ್ರ ಗೊತ್ತುಮಾಡಿತು. ಅದೇ ವರ್ಷ ಪಾಪ್ಲೆಟ್, ಅಂದರೆ ನಮ್ಮ ಮಾಂಜಿ, ರಾಜ್ಯ ಮೀನಾಯಿತು. ಈ ನಿಯಮ ಬಂದದ್ದು ಸಣ್ಣ ಕಣ್ಣಿನ ಬಲೆಗಳ ಕಾಟಕ್ಕೆ. ಗಾಳಗಾರನಿಗೂ ಅದೇ ಪಟ್ಟಿ ಅಳತೆಗೋಲಾದರೆ ನಷ್ಟವೇನು? ಮರಿಯನ್ನು ಬಿಟ್ಟರೆ ಸಾರು ತೆಳ್ಳಗಾಗಬಹುದು, ಅಷ್ಟೇ.

ಇಷ್ಟಾದರೆ ದಂಡೆಯ ಗಾಳಕ್ಕಿಂತ ಒಳ್ಳೆಯದು ಇನ್ನೇನಿದೆ? ಬಿಟ್ಟಿ, ಬಾಗಿಲಿಲ್ಲ, ಯಾರ ಹಂಗೂ ಇಲ್ಲ. ನಾನೂ ಬಹಳ ವರ್ಷ ಹೀಗೆಯೇ ಅಂದುಕೊಂಡಿದ್ದೆ. ಕರಾವಳಿ ರಸ್ತೆಯ ಕೆಲಸ ವರ್ಲಿಗೆ ಬಂದಾಗ ಈ ಲೆಕ್ಕಾಚಾರ ತಲೆಕೆಳಗಾಯಿತು. ಅಲ್ಲಿನ ಮೀನುಗಾರರು ತಮ್ಮ ದೋಣಿ ದಾಟಲು ಸೇತುವೆಯ ಕಂಬಗಳ ನಡುವಿನ ಜಾಗ ಸಾಲದು ಎಂದು ಪಟ್ಟು ಹಿಡಿದರು. 60 ಮೀಟರ್ ಇದ್ದದ್ದು ಕೊನೆಗೆ 120 ಮೀಟರ್ ಆಯಿತು. ಕೇಳಿದಷ್ಟು ಸಿಗಲಿಲ್ಲ, ಆದರೂ ಸಿಕ್ಕಿತು. ಏಕೆಂದರೆ ಅವರಿಗೆ ಸೊಸೈಟಿ ಇತ್ತು, ದೋಣಿಗಳಿಗೆ ನೋಂದಣಿ ಸಂಖ್ಯೆ ಇತ್ತು, ಹೆಸರುಗಳ ಪಟ್ಟಿ ಇತ್ತು. ಅದೇ ದಂಡೆಯ ಬಂಡೆಗಳ ಮೇಲೆ ಬೆಳಗಿನ ಜಾವ ನಿಲ್ಲುತ್ತಿದ್ದ ಗಾಳಗಾರರು ಎಷ್ಟು ಮಂದಿ? ಯಾವ ಕಡತದಲ್ಲೂ ಇಲ್ಲದವರು ಯಾವ ಕಚೇರಿಯಲ್ಲಿ ಪಟ್ಟು ಹಿಡಿಯುವುದು? ಜೀವನಕ್ಕಾಗಿ ಹಿಡಿಯುವವನಿಗೂ ಮೋಜಿಗಾಗಿ ಹಿಡಿಯುವವನಿಗೂ ಸಮಾನ ಹಕ್ಕು ಬೇಕೆಂದು ನಾನು ಹೇಳುತ್ತಿಲ್ಲ. ನಾವು ಇದ್ದೇವೆ ಎನ್ನುವುದೇ ಎಲ್ಲೂ ಬರೆದಿಲ್ಲ ಎನ್ನುತ್ತಿದ್ದೇನೆ.

ಅಮೆರಿಕದ ವ್ಯವಸ್ಥೆಯಲ್ಲಿ ನನಗೆ ಹಿಡಿಸಿದ್ದು ಈ ಒಂದು ಅಂಶ. 1950ರಲ್ಲಿ ಅಲ್ಲಿ ಡಿಂಗೆಲ್–ಜಾನ್ಸನ್ ಎಂಬ ಕಾಯ್ದೆ ಬಂತು. ಗಾಳದ ಕೋಲು, ರೀಲು, ಕೃತಕ ಎರೆಯ ಮೇಲೆ ಶೇ. 10ರ ಅಬಕಾರಿ ಸುಂಕ. ಅಬಕಾರಿ ಎಂದಕೂಡಲೇ ನಮಗೆ ಸಾರಾಯಿ ಅಂಗಡಿ ನೆನಪಾಗುತ್ತದೆ; ಅಲ್ಲಿ ಗಾಳಕ್ಕೂ ಉಂಟು. 1984ರಲ್ಲಿ ಮೋಟಾರು ದೋಣಿಗಳ ಇಂಧನದ ತೆರಿಗೆಯ ಪಾಲನ್ನೂ ಇದಕ್ಕೆ ಸೇರಿಸಿದರು. ಈ ಹಣ ರಾಜ್ಯಗಳಿಗೆ ಹಂಚಿಕೆಯಾಗುವಾಗ ನೂರರಲ್ಲಿ 60 ಪಾಲು ಆ ರಾಜ್ಯದಲ್ಲಿ ಪರವಾನಗಿ ಪಡೆದ ಗಾಳಗಾರರ ಸಂಖ್ಯೆಯ ಮೇಲೆ, 40 ಪಾಲು ವಿಸ್ತೀರ್ಣದ ಮೇಲೆ. ಯೋಜನೆಯ ಖರ್ಚಿನಲ್ಲಿ ಮುಕ್ಕಾಲು ಪಾಲಿನವರೆಗೆ ಕೇಂದ್ರ ಕೊಡುತ್ತದೆ, ಉಳಿದದ್ದನ್ನು ರಾಜ್ಯ ಹೊಂದಿಸಬೇಕು. ಗಾಳಗಾರರ ಪರವಾನಗಿ ಶುಲ್ಕವನ್ನು ರಸ್ತೆಗೋ ಕಟ್ಟಡಕ್ಕೋ ತಿರುಗಿಸಿದ ರಾಜ್ಯಕ್ಕೆ ಈ ಪಾಲು ತಪ್ಪುತ್ತದೆ. ಅಂದರೆ ಒಬ್ಬ ಅಜ್ಜ ತನ್ನ ಊರಿನ ಅಂಗಡಿಯಲ್ಲಿ ಒಂದು ಪರವಾನಗಿ ಕೊಂಡರೆ ಆ ಶುಲ್ಕವಷ್ಟೇ ಅಲ್ಲ, ಅವನ ತಲೆಯೂ ರಾಜ್ಯಕ್ಕೆ ಹಣ ತರುತ್ತದೆ.

ನಾವು ಗಾಳದ ಸಾಮಾನು ಕೊಂಡಾಗಲೂ ಜಿ.ಎಸ್.ಟಿ. ಕೊಡುತ್ತೇವೆ. ಅದು ಸಾಮಾನ್ಯ ಬೊಕ್ಕಸಕ್ಕೆ ಹೋಗಿ ಬೆರೆಯುತ್ತದೆ. ನೀರಲ್ಲಿ ಮೀನಿನ ಹೆಜ್ಜೆ ಹುಡುಕಿದ ಹಾಗೆ.

ಸಮುದ್ರದ ವಿಷಯದಲ್ಲಿ ಅಮೆರಿಕದವರೂ ತಡವಾಗಿಯೇ ಎಚ್ಚೆತ್ತರು. ಕಡಲಲ್ಲಿ ಗಾಳ ಹಾಕುವವರು ಎಷ್ಟು ಹಿಡಿಯುತ್ತಾರೆಂದು ಕಂಡ ಕಂಡ ಮನೆಗಳಿಗೆ ದೂರವಾಣಿ ಕರೆ ಮಾಡಿ ಕೇಳುವ ಪದ್ಧತಿ ಇತ್ತು. ಇದು ಭರವಸೆಯ ಲೆಕ್ಕವಲ್ಲ ಎಂದು ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿ 2006ರಲ್ಲಿ ವರದಿ ಕೊಟ್ಟಿತು. 2010ರಿಂದ ಕಡಲ ಗಾಳಗಾರರ ರಾಷ್ಟ್ರೀಯ ನೋಂದಣಿ ಶುರುವಾಯಿತು. ನ್ಯೂಜೆರ್ಸಿಯಲ್ಲಿ ಈ ನೋಂದಣಿಗೆ ದುಡ್ಡೇ ಇಲ್ಲ. ಹೆಸರು ಬರೆಸಬೇಕು, ಅಷ್ಟೇ. ಮುಂಬೈ ದಂಡೆಗೆ ಏನಾದರೂ ಬೇಕಿದ್ದರೆ ಇದು ಬೇಕು. ಶುಲ್ಕ ಆಮೇಲಿನ ಮಾತು.

ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್‌ನವರು 2001ರಲ್ಲಿ ಸಮುದ್ರಕ್ಕೂ ಶುಲ್ಕ ಹಾಕಿ, ಆ ಹಣದಿಂದ ವೃತ್ತಿ ಮೀನುಗಾರರ ಪರವಾನಗಿಗಳನ್ನು ಕೊಂಡು, ಕೆಲವು ಕೊಲ್ಲಿಗಳನ್ನು ಹವ್ಯಾಸಿಗಳಿಗೇ ಬಿಡಿಸಿಕೊಟ್ಟರು. ನಮ್ಮ ಕೆಲವು ಗಾಳಗಾರ ಗೆಳೆಯರು ಇದನ್ನು ಬಾಯಿ ಚಪ್ಪರಿಸಿ ಹೇಳುತ್ತಾರೆ. ನನಗೆ ಆ ಮಾತು ರುಚಿಸುವುದಿಲ್ಲ. ವಾರಕ್ಕೊಮ್ಮೆ ಮೋಜಿಗೆ ಬರುವ ಬ್ಯಾಂಕ್ ನೌಕರನಿಗಾಗಿ ತಲೆಮಾರಿನಿಂದ ಬಲೆ ಬೀಸುವವನು ಎದ್ದು ಹೋಗಬೇಕೇ?

ಪೊವಾಯಿ: ಸಂಘದ ಚೀಟಿ

ನಗರದೊಳಗೆ ಕೆರೆಗಳೇನೋ ಇವೆ. ಆದರೆ ವಿಹಾರ್ ಮತ್ತು ತುಳಸಿ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಒಳಗಿವೆ, ಕುಡಿಯುವ ನೀರಿನ ಕೆರೆಗಳು. ಅಲ್ಲಿ ಗಾಳದ ಮಾತೇ ಎತ್ತಬೇಡಿ. ಉಳಿಯುವುದು ಪೊವಾಯಿ. 1891ರ ಹೊತ್ತಿಗೆ ಕುಡಿಯುವ ನೀರಿಗೆಂದೇ ಕಟ್ಟಿದ ಕೆರೆ. ನೀರು ಕುಡಿಯಲು ಬರಲಿಲ್ಲ, ಮೀನಿಗೆ ಬಂತು. ಮಹಾರಾಷ್ಟ್ರ ರಾಜ್ಯ ಗಾಳಗಾರರ ಸಂಘ ದಶಕಗಳಿಂದ ಇರುವುದು ಇಲ್ಲಿಯೇ. ಸದಸ್ಯರ ಹಣದಿಂದ ಮರಿ ಬಿಡುವುದು, ಕದ್ದು ಬಲೆ ಹಾಕುವವರ ಮೇಲೆ ಕಣ್ಣಿಡುವುದು ಸಂಘದ ಕೆಲಸ. ರೋಹು, ಕಾಟ್ಲಾ, ಮೃಗಾಲ್ ಇಲ್ಲಿನ ಮುಖ್ಯ ಮೀನು.

ಕೊಟ್ಟ ದುಡ್ಡು ಅದೇ ನೀರಿಗೆ ಮರಳುವುದನ್ನು ಕಣ್ಣಾರೆ ನೋಡಬೇಕೆಂದಿದ್ದರೆ ನಗರದೊಳಗೆ ಇದಕ್ಕಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ. ದಾರದ ಜೊತೆಗೆ ಶಿಸ್ತೂ ಸಿಗುತ್ತದೆ: ಎಷ್ಟು ಕೋಲು, ಯಾವ ಹೊತ್ತು, ಎಲ್ಲಿ ಕೂರಬೇಕು ಎಂಬುದಕ್ಕೆ ಹೇಳುವವರು ಕೇಳುವವರು ಇದ್ದಾರೆ. ಸದಸ್ಯತ್ವದ ನಿಯಮ, ಅತಿಥಿಯಾಗಿ ಹೋಗುವ ಕ್ರಮ, ಇವತ್ತಿನ ಶುಲ್ಕ ಇವನ್ನು ಕೆರೆಯ ಬಳಿಯ ಅವರ ಕಚೇರಿಯಲ್ಲಿಯೇ ಕೇಳಿ. ಯಾರೋ ಹೇಳಿದ ಹಳೆಯ ದರ ನಂಬಿಕೊಂಡು ಹೋಗಬೇಡಿ. ಕೆರೆಯಲ್ಲಿ ಮೊಸಳೆಗಳಿವೆ. ತಮಾಷೆಗೆ ಹೇಳುತ್ತಿಲ್ಲ. ಕಾಲು ನೀರಿಗೆ ಇಳಿಬಿಟ್ಟು ಕೂರುವ ಅಭ್ಯಾಸವಿದ್ದರೆ ಮನೆಯಲ್ಲಿ ಬಿಟ್ಟು ಬನ್ನಿ.

ಆದರೆ ಗಾಳಗಾರನ ಚೀಟಿಯ ಮಿತಿಯನ್ನೂ ಪೊವಾಯಿಯೇ ತೋರಿಸುತ್ತದೆ. ಸುತ್ತ ಎದ್ದ ಗೋಪುರಗಳ ಕೊಳಚೆ ಕೆರೆಗೆ ಬಂದರೆ, ಅಂತರಗಂಗೆ ಹಬ್ಬಿ ನೀರೇ ಕಾಣದಂತಾದರೆ, ಸದಸ್ಯರ ವಂತಿಗೆಯಿಂದ ಎಷ್ಟು ಮರಿ ಬಿಟ್ಟು ಏನು? ಕೊಳಚೆ ತಡೆಯುವುದು ಮಹಾನಗರ ಪಾಲಿಕೆಯ ಕೆಲಸ, ಎಲ್ಲರ ತೆರಿಗೆಯ ಕೆಲಸ. ಇಂಗ್ಲೆಂಡಿನಲ್ಲಿ ಸಿಹಿನೀರಿನ ಗಾಳಕ್ಕೆ ಪರವಾನಗಿ ಬೇಕು, ಆ ಹಣ ಪರಿಸರ ಸಂಸ್ಥೆಯ ಮೀನಿನ ಕೆಲಸಕ್ಕೆ ಹೋಗುತ್ತದೆ. ಸಮುದ್ರಕ್ಕೆ ಪರವಾನಗಿಯೇ ಇಲ್ಲ. ಅಲ್ಲಿಯೂ ನದಿಗೆ ಚರಂಡಿ ನೀರು ಬಿಡುವವರ ಗಲಾಟೆ ಪರವಾನಗಿ ಹಣದಿಂದ ಬಗೆಹರಿದಿಲ್ಲ. ಉಪ್ಪು ತಿಂದವನು ನೀರು ಕುಡಿಯಬೇಕು, ಸರಿ. ಇಲ್ಲಿ ಉಪ್ಪು ತಿಂದವರು ಬೇರೆ, ನೀರು ಕುಡಿಯುತ್ತಿರುವ ಮೀನು ಬೇರೆ.

ಖಾಸಗಿ ಕೊಳ

ಇದನ್ನು ಬೇಗ ಮುಗಿಸುತ್ತೇನೆ. ಕರ್ಜತ್, ಬದಲಾಪುರ, ಪನ್ವೇಲ್ ಕಡೆ ತೋಟದ ಮನೆಗಳ ಜೊತೆಗೆ ಕೊಳಗಳಿವೆ. ಗಂಟೆಗೋ ದಿನಕ್ಕೋ ಹಣ, ಮೀನು ಒಯ್ಯುವುದಾದರೆ ತೂಕಕ್ಕೆ ಬೇರೆ ಹಣ. ಮಕ್ಕಳಿಗೆ ಒಳ್ಳೆಯದು, ಗಾಳ ಎಸೆದ ಹತ್ತು ನಿಮಿಷಕ್ಕೆ ಬೆಂಡು ಮುಳುಗುತ್ತದೆ. ಒಂದು ಕಡೆ ಮೀನಿಗೆ ಎರಡು ದಿನ ಮೇವು ಹಾಕದೆ ಶನಿವಾರಕ್ಕೆ ಕಾಯ್ದಿರಿಸುತ್ತಾರೆಂದು ಅಲ್ಲಿನ ಅಡಿಗೆಯವರೇ, ನಮ್ಮ ಕಾರ್ಕಳದವರು, ನಗುತ್ತ ಹೇಳಿದರು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂಬಂತೆ ಹಸಿದ ಮೀನು ಗಾಳಕ್ಕೆ ಬಂದೇ ಬರುತ್ತದೆ. ಆಮೇಲೆ ನನಗೆ ಆ ಕೊಳದಲ್ಲಿ ಗಾಳ ಹಾಕುವ ಮನಸ್ಸಾಗಲಿಲ್ಲ.

ದುಡ್ಡು ಮಾಲೀಕನಿಗೆ, ತಪ್ಪೇನಿಲ್ಲ, ಅದು ಅವನ ನೀರು. ಒಂದು ವಿಷಯ ಮಾತ್ರ ನೋಡಿಕೊಳ್ಳಿ: ಕೊಳದಲ್ಲಿ ಆಫ್ರಿಕದ ದೊಡ್ಡ ಮಾಗುರ್, ಅಂದರೆ ಬೇರೆ ಮೀನುಗಳನ್ನು ತಿನ್ನುವ ಮೀಸೆಮೀನು, ಇದ್ದರೆ ಅಲ್ಲಿಗೆ ಹಣ ಕೊಡಬೇಡಿ. ಅದರ ಸಾಕಣೆಗೆ ದೇಶದಲ್ಲಿ 2000ದಿಂದ ನಿಷೇಧವಿದೆ. ಮಳೆಗಾಲದಲ್ಲಿ ಕೊಳ ತುಂಬಿ ಹರಿದರೆ ಅದು ಹಳ್ಳಕ್ಕೆ ಇಳಿಯುತ್ತದೆ. ಅಲ್ಲಿಂದ ಮುಂದೆ ಊರ ಮೀನಿನ ಗತಿ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಅಣೆಕಟ್ಟಿನ ಹಿನ್ನೀರು: ಸೊಸೈಟಿಯ ರಸೀದಿ

ನನ್ನ ಆಯ್ಕೆ ಇದು ಎಂದು ಮೊದಲೇ ಹೇಳಿಬಿಡುತ್ತೇನೆ, ಆಗ ಪಕ್ಷಪಾತದ ದೂರು ಬರುವುದಿಲ್ಲ.

ಮಹಾರಾಷ್ಟ್ರದ ಜಲಾಶಯಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಸರ್ಕಾರ ಗುತ್ತಿಗೆಗೆ ಕೊಡುತ್ತದೆ, ಬಹಳ ಕಡೆ ಸ್ಥಳೀಯ ಮೀನುಗಾರರ ಸಹಕಾರಿ ಸೊಸೈಟಿಗಳಿಗೆ. ಸೊಸೈಟಿ ಗುತ್ತಿಗೆಯ ಹಣ ಕಟ್ಟುತ್ತದೆ, ಮರಿ ತಂದು ಬಿಡುತ್ತದೆ, ಬೆಳೆದದ್ದನ್ನು ಸದಸ್ಯರು ಹಿಡಿದು ಮಾರುತ್ತಾರೆ. ಪೇಟೆಯಿಂದ ಬಂದ ಗಾಳಗಾರನಿಗೆ ಅದು ಬರಿಯ ನೀರು. ಅವರಿಗೆ ಅದು ಬಿತ್ತಿದ ಹೊಲ. ಕೇಳದೆ ಗಾಳ ಎಸೆದರೆ ಬೇರೆಯವರ ಗದ್ದೆಯಲ್ಲಿ ತೆನೆ ಕಿತ್ತ ಹಾಗೆ. ನಾನೂ ಕಿತ್ತಿದ್ದೇನೆ, ಬೈಸಿಕೊಂಡಿದ್ದೇನೆ. ಬೈದವರೇ ಚಹಾ ಕೊಟ್ಟು, ಮುಂದಿನ ಸಲ ಕಾರ್ಯದರ್ಶಿಯನ್ನು ಕಂಡು ಬನ್ನಿ ಎಂದರು. ಹಾಗೆ ಬಂದದ್ದು ನನ್ನ ಖಾನೆಯ ಮೂರನೆಯ ಚೀಟಿ.

ಇದು ಅಧಿಕೃತ ಪರವಾನಗಿಯೇ? ಅಲ್ಲ. ಒಂದೊಂದು ಸೊಸೈಟಿಯ ರೀತಿ ಒಂದೊಂದು. ಕೆಲವರು ಸುತರಾಂ ಒಪ್ಪುವುದಿಲ್ಲ, ಅದು ಅವರ ಹಕ್ಕು. ನೀರು ನೀರಾವರಿ ಇಲಾಖೆಯದು, ಮೀನು ಸೊಸೈಟಿಯದು, ದಂಡೆ ಕೆಲವೊಮ್ಮೆ ಅರಣ್ಯ ಇಲಾಖೆಯದು. ಮೂವರಲ್ಲಿ ಒಬ್ಬರು ಬೇಡವೆಂದರೂ ಬೇಡವೇ. ಅಣೆಕಟ್ಟಿನ ಗೋಡೆಯ ಹತ್ತಿರ ಎಂದೂ ಹೋಗಬೇಡಿ. ಪುಣೆಯವರಿಗೆ ಖಡಕ್‌ವಾಸಲಾ ಬಹಳ ಹತ್ತಿರ, ಆದರೆ ಅದರ ಒಂದು ದಂಡೆಯುದ್ದಕ್ಕೂ ಸೇನೆಯ ಅಕಾಡೆಮಿ. ಮುಂಬೈಗೆ ನೀರು ಕೊಡುವ ತಾನ್ಸಾ ಅಭಯಾರಣ್ಯದಲ್ಲಿದೆ. ಇವೆರಡನ್ನೂ ಬಿಡಿ.

ಜಪಾನಿನಲ್ಲಿ ಇದೇ ವ್ಯವಸ್ಥೆ ಕಾನೂನಾಗಿ ನಿಂತಿದೆ. ಅಲ್ಲಿನ ನದಿಗಳ ಮೀನಿನ ಹಕ್ಕು ಸ್ಥಳೀಯ ಮೀನುಗಾರರ ಸಹಕಾರ ಸಂಘಗಳದು. ಹಕ್ಕಿನ ಜೊತೆ ಹೊಣೆಯೂ ಉಂಟು: 1949ರ ಮೀನುಗಾರಿಕೆ ಕಾಯ್ದೆಯ ಪ್ರಕಾರ ನದಿಯ ಮೀನನ್ನು ಹೆಚ್ಚಿಸುವ ಕೆಲಸವನ್ನು ಆ ಸಂಘವೇ ಮಾಡಬೇಕು, ಅದಕ್ಕಾಗಿ ಗಾಳಗಾರರಿಗೆ ದಿನದ ಚೀಟಿ, ವರ್ಷದ ಚೀಟಿ ಮಾರಬಹುದು. ಗಾಳಗಾರ ಕೊಡುವ ಹಣ ರಾಜಧಾನಿಗೆ ಹೋಗಿ ಸುತ್ತಿ ಬರುವುದಿಲ್ಲ. ಅದೇ ಕಣಿವೆಯಲ್ಲಿ ಉಳಿಯುತ್ತದೆ. ನಮ್ಮಲ್ಲಿ ಸೊಸೈಟಿ ಇದೆ, ಗುತ್ತಿಗೆ ಇದೆ, ಮರಿ ಬಿಡುವ ರೂಢಿಯೂ ಇದೆ. ಗಾಳಗಾರನ ಚೀಟಿಗೆ ಒಂದು ನಮೂನೆ ಮಾತ್ರ ಇಲ್ಲ. ಹಿಮಾಚಲ ಮತ್ತು ಕಾಶ್ಮೀರದಲ್ಲಿ ಟ್ರೌಟ್ ಮೀನಿಗೆ ದಿನದ ಪರವಾನಗಿ ಕೊಡುವ ಪದ್ಧತಿ ಬಹಳ ಹಳೆಯದು, ಹಾಗಾಗಿ ಇದು ನಮ್ಮ ದೇಶಕ್ಕೆ ಹೊಸತೂ ಅಲ್ಲ. ಕೇಂದ್ರದ ಮತ್ಸ್ಯ ಸಂಪದ ಯೋಜನೆ 2020ರಲ್ಲಿ 20,050 ಕೋಟಿ ರೂಪಾಯಿಯ ಗಾತ್ರದೊಂದಿಗೆ ಬಂದಾಗ ಅದರಲ್ಲಿ ಮನರಂಜನಾ ಮೀನುಗಾರಿಕೆಗೂ ಒಂದು ಮೂಲೆ ಇಟ್ಟಿದ್ದರು. ಯೋಜನೆಯ ಜೀವ ಇರುವುದು ಮಾತ್ರ ಉತ್ಪಾದನೆ, ಬಂದರು, ಶೀತಲ ಸರಪಳಿಯಲ್ಲಿ. ಅದು ಹಾಗೆಯೇ ಇರಬೇಕು ಕೂಡ. ನಮ್ಮ ಮೋಜಿಗೆ ನಾವೇ ಕೊಡೋಣ, ಕೊಡಲು ಒಂದು ಕಿಂಡಿ ಇರಲಿ.

ಸೊಸೈಟಿಗೆ ಹೋದಾಗ ನಾನು ಎರಡು ಪ್ರಶ್ನೆ ಕೇಳುತ್ತೇನೆ. ಸಿಡಿಮದ್ದು, ವಿಷ ಹಾಕುವವರ ಕಾಟ ಇದೆಯೇ? 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ಅದನ್ನು ಆ ಕಾಲದಲ್ಲಿಯೇ ಅಪರಾಧ ಎಂದಿದೆ; ಇನ್ನೂ ಕೇಳಬೇಕಾದ ಸ್ಥಿತಿ. ಎರಡನೆಯ ಪ್ರಶ್ನೆ: ಯಾವ ಮರಿ ಬಿಡುತ್ತೀರಿ?

ಈ ಎರಡನೆಯ ಪ್ರಶ್ನೆಯ ಹಿಂದೆ ಕಾವೇರಿಯ ಕಥೆ ಇದೆ. ಲೋಣಾವಳದ ಕೆರೆಯ ಬಳಿ 1970ರ ದಶಕದಿಂದ ಮಹಸೀರ್ ಮರಿ ಮಾಡುವ ಕೇಂದ್ರವಿದೆ. ಅಳಿಯುತ್ತಿದ್ದ ಮೀನನ್ನು ಉಳಿಸುವ ಒಳ್ಳೆಯ ಕೆಲಸವದು. ಅಲ್ಲಿ ಬೆಳೆಸಿದ್ದು ದಖ್ಖನಿನ ಮಹಸೀರ್. ಆ ಮರಿಗಳು ಕಾವೇರಿಗೂ ಹೋದವು. ಕಾವೇರಿಗೆ ತನ್ನದೇ ಆದ, ಬೆನ್ನು ಗೂನಾದ ದೈತ್ಯ ಮಹಸೀರ್ ಇತ್ತು. ನಮ್ಮವರು ಬಿಳಿಮೀನು ಎಂದು ಕರೆಯುವ ಜಾತಿ. ಹೊಸದು ಹೆಚ್ಚಿದಂತೆ ಹಳೆಯದು ಕಡಿಮೆಯಾಗುತ್ತ ಬಂತು. 2018ರಲ್ಲಿ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಕೆಂಪು ಪಟ್ಟಿ ಸೇರಿತು. ನೀರಿಗೆ ಮರಳಿದ ದುಡ್ಡೆಲ್ಲ ನೀರಿಗೆ ಒಳ್ಳೆಯದನ್ನೇ ಮಾಡುತ್ತದೆ ಎಂದು ನಂಬಿದ್ದ ನನಗೆ ಇದು ಓದಿದ ದಿನ ಊಟ ಸೇರಲಿಲ್ಲ.

ಆದರೆ ಆ ಬದಲಾವಣೆ ಗೊತ್ತಾದದ್ದು ಹೇಗೆ? ಕಾವೇರಿ ದಂಡೆಯ ಗಾಳಿಬೋರೆಯ ಗಾಳದ ಶಿಬಿರದಲ್ಲಿ, ಹಿಡಿದು ಬಿಟ್ಟ ಪ್ರತಿ ಮೀನಿನ ತೂಕವನ್ನೂ ವರ್ಷಗಟ್ಟಲೆ ಪುಸ್ತಕದಲ್ಲಿ ಬರೆದಿಡುತ್ತಿದ್ದರು. 1998ರಿಂದ 2012ರವರೆಗಿನ ಆ ಪುಸ್ತಕಗಳನ್ನು ಮುಂದಿಟ್ಟುಕೊಂಡು ವಿಜ್ಞಾನಿಗಳು ಲೆಕ್ಕ ಹಾಕಿದರು: ಸಿಗುವ ಮಹಸೀರ್‌ಗಳ ಸಂಖ್ಯೆ ಏರುತ್ತಿದೆ, ಬಿಳಿಮೀನು ಇಳಿಯುತ್ತಿದೆ. ಆ ಶಿಬಿರವಿದ್ದ ಅಭಯಾರಣ್ಯದೊಳಗೆ ಗಾಳ ನಿಂತ ಮೇಲೆ ಆ ಪುಸ್ತಕವೂ ನಿಂತಿತು. ಅಭಯಾರಣ್ಯದಲ್ಲಿ ಗಾಳ ಬೇಕೋ ಬೇಡವೋ ಎಂಬ ವಾದಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ. ಮೋಜಿಗೆ ಬಂದವರು ಬರೆದಿಟ್ಟ ಪುಸ್ತಕ ಇಲ್ಲದಿದ್ದರೆ ಒಂದು ಮೀನಿನ ಅವಸಾನ ಯಾರ ಗಮನಕ್ಕೂ ಬಾರದೆ ಹೋಗುತ್ತಿತ್ತು ಎಂಬುದಷ್ಟೇ ನನಗೆ ಮುಖ್ಯ.

ಗೋವಾಕ್ಕೆ ಹೋಗುವವರಿಗೆ

ರಜೆಗೆ ಗೋವಾಕ್ಕೆ ಹೋಗಿ ದೋಣಿಯಲ್ಲಿ ಗಾಳ ಹಾಕುವವರು ಬಹಳ. ದೋಣಿ ಬಂದರು ಕಪ್ತಾನರ ಇಲಾಖೆಯಲ್ಲಿ ನೋಂದಣಿಯಾಗಿದೆಯೇ, ಪ್ರತಿಯೊಬ್ಬರಿಗೂ ಜೀವರಕ್ಷಕ ಜಾಕೆಟ್ ಇದೆಯೇ ಎಂದು ನೋಡಿ ಹತ್ತಿ. ನದಿ, ಹಳ್ಳಗಳ ಒಳಗೆ ಹಾಕುವುದಾದರೆ ಪಣಜಿಯ ಮೀನುಗಾರಿಕೆ ಕಚೇರಿಯಲ್ಲಿ ಒಂದು ಮಾತು ಕೇಳಿ.

ನನಗೆ ಅಲ್ಲಿ ಹೆಚ್ಚು ಕುತೂಹಲ ಖಾಜನ್ ಗದ್ದೆಗಳ ಮೇಲೆ. ಕುಮಟಾ ಕಡೆಯವರಿಗೆ ಗಜನಿ ಎಂದರೆ ತಕ್ಷಣ ಗೊತ್ತಾಗುತ್ತದೆ, ಅದೇ ಬಗೆಯವು. ಉಪ್ಪುನೀರು ನುಗ್ಗದಂತೆ ಒಡ್ಡು, ಒಡ್ಡಿಗೊಂದು ತೂಬು. ತೂಬಿನ ಬಾಯಲ್ಲಿ ಮೀನು, ಸೀಗಡಿ ಹಿಡಿಯುವ ಹಕ್ಕನ್ನು ಊರಿನ ಗೇಣಿದಾರರ ಸಂಘ ಹರಾಜು ಹಾಕುತ್ತದೆ. ಆ ಹಣದಿಂದ ಒಡ್ಡಿನ ದುರಸ್ತಿ. ಮೀನಿನ ದುಡ್ಡು ಮೀನಿನ ಮನೆಗೇ ಹೋಗುವ ಇಷ್ಟು ಚೆಂದದ ವ್ಯವಸ್ಥೆ ಬೇರೆಲ್ಲಿದೆ ಎನ್ನಿಸುತ್ತದೆ. ಆದರೆ ಭತ್ತ ಬೆಳೆಯುವವರು ಕಡಿಮೆಯಾದ ಕಡೆ ಹರಾಜು ಹಿಡಿದವನೇ ಯಜಮಾನ. ಹೆಚ್ಚು ಮೀನಿನ ಆಸೆಗೆ ತೂಬು ತೆರೆದಿಟ್ಟು ಉಪ್ಪುನೀರು ನಿಲ್ಲಿಸಿ ಗದ್ದೆ ಕೆಡಿಸಿದ ದೂರುಗಳು ಅಲ್ಲಿ ಸಾಮಾನ್ಯ. ದುಡ್ಡು ಎಲ್ಲಿಂದ ಬರುತ್ತದೋ ತೂಬಿನ ಕೀಲಿ ಅತ್ತಲೇ ತಿರುಗುತ್ತದೆ. ಪರವಾನಗಿ ಹಣದಿಂದಲೇ ಮೀನುಗಾರಿಕೆ ಇಲಾಖೆ ನಡೆಯಲಿ ಎನ್ನುವವರಿಗೆ ನಾನು ಈ ತೂಬನ್ನು ತೋರಿಸುತ್ತೇನೆ.

ಯಾರಿಗೆ ಯಾವುದು

ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ, ಮೊದಲ ಸಲ ಕೋಲು ಹಿಡಿಯುವವರಿಗೆ ಖಾಸಗಿ ಕೊಳ ಸಾಕು, ಎರಡು ಸಲ ಮಾತ್ರ. ಮೂರನೆಯ ಸಲಕ್ಕೆ ಬೇಸರ ಬರದಿದ್ದರೆ ನಿಮಗೆ ಬೇಕಾದದ್ದು ಗಾಳವಲ್ಲ, ಮೀನು. ಅದು ಪೇಟೆಯಲ್ಲಿ ಅಗ್ಗ. ನಗರ ಬಿಟ್ಟು ಹೋಗಲು ಪುರುಸೊತ್ತಿಲ್ಲದವರಿಗೆ, ಹಿರಿಯರ ಜೊತೆ ಕೂತು ಗಂಟು ಹಾಕುವುದನ್ನು ಕಲಿಯಬೇಕೆನ್ನುವವರಿಗೆ ಪೊವಾಯಿ. ಉಪ್ಪುಗಾಳಿಯಿಲ್ಲದೆ ಭಾನುವಾರವೇ ಅಲ್ಲ ಎನ್ನುವ ನಮ್ಮ ಕರಾವಳಿಯವರು ಹೇಗೂ ದಂಡೆ ಬಿಡುವವರಲ್ಲ. ಅವರು ಉಳಿಸಿದ ಶುಲ್ಕವನ್ನು ಹೇಗಾದರೂ ತೀರಿಸಲಿ. ಕೋಳಿ ಹೆಂಗಸರ ಬುಟ್ಟಿಯಿಂದ ಚೌಕಾಸಿ ಮಾಡದೆ ಮೀನು ಕೊಂಡರೂ ಆದೀತು. ತಿಂಗಳಿಗೊಮ್ಮೆ ಇಡೀ ದಿನ ಕೊಡಬಲ್ಲವರು ಸೊಸೈಟಿಯ ನೀರಿಗೆ ಹೋಗಿ, ರಸೀದಿ ಕೇಳಿ ಪಡೆಯಿರಿ. ಅವರಲ್ಲಿ ಪುಸ್ತಕವಿಲ್ಲದಿದ್ದರೆ ಬಿಳಿ ಹಾಳೆಯ ಮೇಲೆ ಬರೆಸಿಕೊಳ್ಳಿ.

ಎಲ್ಲಿಗೆ ಹೋದರೂ ಒಂದು ನೋಟ್‌ಪುಸ್ತಕ ಇಟ್ಟುಕೊಳ್ಳಿ ಎಂದು ಹುಡುಗನಿಗೆ ಹೇಳಿದ್ದೇನೆ. ದಿನ, ಜಾಗ, ಉಬ್ಬರವೋ ಇಳಿತವೋ, ಎಷ್ಟು ಗಂಟೆ, ಎಷ್ಟು ಗಾಳ, ಯಾವ ಮೀನು, ಎಷ್ಟು ಉದ್ದ, ಬಿಟ್ಟದ್ದೆಷ್ಟು. ಏನೂ ಸಿಗದ ದಿನವನ್ನು ಬಿಡದೆ ಬರೆಯಬೇಕು. ಸಿಕ್ಕ ದಿನಗಳನ್ನಷ್ಟೇ ಬರೆದರೆ ಸಮುದ್ರ ತುಂಬಿ ತುಳುಕುತ್ತಿರುವಂತೆ ಕಾಣುತ್ತದೆ. ಅವನು ಮೊಬೈಲಿನಲ್ಲಿ ಬರೆಯುತ್ತಾನೆ, ನಾನು ಎರಡು ರೂಲಿನ ಪುಸ್ತಕದಲ್ಲಿ. ಕಳೆದ ಭಾನುವಾರದ ಸಾಲು ಹೀಗಿದೆ: ಮನೋರಿ, ಬೆಳಿಗ್ಗೆ 5.40ರಿಂದ 9, ಏರುನೀರು, ಎರಡು ಗಾಳ, ಎರೆ ಸೀಗಡಿ. ಶೇಡೆ ಒಂದು, ಗೇಣುದ್ದ, ಬಿಟ್ಟಿದ್ದೇನೆ. ಹುಡುಗನ ಕೋಲಿಗೆ: ಸೊನ್ನೆ.